ಕರೆದವರು ಯಾರು?

ಬುಧವಾರ, ಸಂಜೆ

ಮುದ್ದು ಗುಂಡನಿಗೆ ಅಕ್ಕನ ಆಶೀರ್ವಾದ, ಅದರ ಹಿಂದೆಯೇ ಒಂದು ಗುದ್ದು.

ಪತ್ರ ತಡವಾಯಿತು, ಮೂತಿ ಉಬ್ಬಿಸಬೇಡ. ನಿನ್ನ ಆಸ್ಪತ್ರೆಯ ಡಾಕ್ಟರು ಫೋನು ಮಾಡಿದ್ದರು. ನೀನು ಚೇತರಿಸಿಕೊಂಡಿದ್ದೀಯ, ಮುಂದಿನ ವಾರ ಮನೆಗೆ ಕಳಿಸಬಹುದು ಎಂದರು. ಹಿಗ್ಗುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದರು: "ಪೊಲೀಸರನ್ನ ಕರೆದ ಮನೆಗೆ ನಾನು ಕಾಲಿಡಲ್ಲ" ಎಂದೆಯಂತೆ. ಎಲ್ಲೋ ದೂರದಲ್ಲಿ ಬಾಡಿಗೆ ಕೋಣೆ ಹುಡುಕುತ್ತಿದ್ದೀಯಂತೆ. ಗುಂಡಾ, ಅವತ್ತು ಆ ಪೊಲೀಸರು ನಿನ್ನ ಮಣಿಕಟ್ಟು ಮುರಿದದ್ದನ್ನು ನಾನು ಮರೆತಿಲ್ಲ. ಮರೆಯಲಾಗದೆಯೇ ಈ ಹೊಸ ಕೆಲಸಕ್ಕೆ ಸೇರಿದೆ. ಅದರ ಕಥೆ ಹೇಳುತ್ತೇನೆ. ಪೂರ್ತಿ ಓದು, ಆಮೇಲೆ ಬೇಕಾದರೆ ಹರಿದುಹಾಕು.

ನನ್ನ ಹುದ್ದೆಯ ಹೆಸರು ಆಪ್ತ ಸಮಾಲೋಚಕಿ. ಮನಸ್ಸಿನ ಕಾಯಿಲೆಯವರ ಬಗ್ಗೆ ತುರ್ತು ಕರೆ ಬಂದರೆ ಪೊಲೀಸರ ಜೀಪಿನಲ್ಲೇ ನನ್ನನ್ನೂ ಕೂರಿಸಿ ಕಳಿಸುತ್ತಾರೆ. ಜೀಪಿನಲ್ಲಿ ನನಗೆ ಆಪ್ತರಿಲ್ಲ, ಸಮಾಲೋಚನೆಗೆ ಸಮಯವಿಲ್ಲ. ಉಳಿದದ್ದು ಕೊನೆಯ 'ಕಿ' ಒಂದು, ಆ ಕೀ ಕೂಡ ಡ್ರೈವರ್ ಕೈಯಲ್ಲಿ. ನಮ್ಮ ಸಬ್ ಇನ್ಸ್‌ಪೆಕ್ಟರಿಗೆ ಠಾಣೆಯಲ್ಲಿ ಮೀಸೆ ಸಾಹೇಬರು ಎಂದೇ ಹೆಸರು. ಮೊದಲ ದಿನವೇ, "ಮೇಡಂ, ನೀವು ಬಾಯಿ ತೆಗೆಯೋದ್ರೊಳಗೆ ನಾವು ಮುಗಿಸಿರ್ತೀವಿ" ಎಂದರು. "ನನ್ನ ಭಯಾನೂ ಅದೇ ಸಾರ್" ಎಂದೆ.

ಭಯ ಸುಮ್ಮನೆ ಅಲ್ಲ. ಕರೆಯಲ್ಲಿ 'ಆಯುಧ' ಎಂಬ ಮಾತು ಬಂದರೆ ನಾನು ಜೀಪಿನಿಂದ ಇಳಿಯುವಂತಿಲ್ಲ. ಪೊಲೀಸರು ಒಳಹೊಕ್ಕು, 'ಅಪಾಯವಿಲ್ಲ' ಎಂದ ಮೇಲೆಯೇ ನನ್ನ ಪ್ರವೇಶ. ಅಷ್ಟರಲ್ಲಿ ಆ ಮನುಷ್ಯ ನೆಲಕ್ಕೆ ಬೋರಲಾಗಿರುತ್ತಾನೆ, ಬೆನ್ನ ಮೇಲೆ ಯಾರದೋ ಮಂಡಿ. ಅವನನ್ನು ನಾನು ಏನು ಕೇಳಲಿ, "ಹೇಗಿದ್ದೀರಿ, ಸೌಖ್ಯವೇ?" ಎಂದೇ?

ಮೊನ್ನೆ ಮಧ್ಯಾಹ್ನ ಕಂಟ್ರೋಲ್ ರೂಮಿನಿಂದ ಅಂಥದ್ದೇ ಕರೆ. "ಅಂಗಡಿ ಒಳಗೆ ಒಬ್ಬರು ಕೂಗಾಡ್ತಿದಾರೆ, ಕೈಯಲ್ಲಿ ಆಯುಧ ಇದೆ." ಹೋಗಿ ನೋಡಿದರೆ ದರ್ಜಿಯ ಅಂಗಡಿ. ಆಯುಧ ಕತ್ತರಿ! ಗುಂಡಾ, ದರ್ಜಿಯ ಕೈಯಲ್ಲಿ ಕತ್ತರಿ ಇರದೆ ಸೌಟಿರುತ್ತದೆಯೇ? ಆದರೆ ನಗು ಬಂದಷ್ಟೇ ಬೇಗ ಹೋಯಿತು. ಶಟರು ಅರ್ಧ ಇಳಿದಿತ್ತು. ಒಳಗೆ ಅವರು ಕತ್ತರಿಯನ್ನು ತಮ್ಮ ಕುತ್ತಿಗೆಗೇ ಹಿಡಿದುಕೊಂಡು "ಬೆಂಕಿ, ಬೆಂಕಿ" ಎಂದು ಕಿರುಚುತ್ತಿದ್ದರು. ಅವರ ಹೆಂಡತಿ ಹೊರಗೆ, ಕೊರಳಲ್ಲಿ ಅಳತೆ ಟೇಪು ಹಾಗೆಯೇ ಜೋತಾಡುತ್ತ, ಗರಬಡಿದವರಂತೆ ನಿಂತಿದ್ದರು.

ಸಾಹೇಬರು ಲಾಠಿ ತೆಗೆದರು. ನಾನು ಇಳಿದೇಬಿಟ್ಟೆ.

"ಮೇಡಂ, ಹತ್ತಿ ಜೀಪು!"

"ಸಾರ್, ಮೊದ್ಲು ಆ ಲೈಟ್ ಆರಿಸಿ. ಒಳಗೆ ಕನ್ನಡಿ ನೋಡಿ."

ಆಳೆತ್ತರದ ಕನ್ನಡಿಯಲ್ಲಿ ನಮ್ಮ ಜೀಪಿನ ದೀಪ ಕೆಂಪಗೆ ತಿರುಗುತ್ತಿತ್ತು. ಸಾಹೇಬರು ನನ್ನನ್ನು ದುರುಗುಟ್ಟಿ ನೋಡಿ, ಡ್ರೈವರಿಗೆ ಕಣ್ಸನ್ನೆ ಮಾಡಿದರು. ದೀಪ ಆರಿತು. ಕಿರುಚಾಟ ಗೊಣಗಾಟಕ್ಕೆ ಇಳಿಯಿತು.

ಶಟರಿನ ಕೆಳಗೆ ಬಗ್ಗಿ, "ಅಣ್ಣಾ, ನಾನು ಪೊಲೀಸ್ ಅಲ್ಲ" ಎಂದೆ. ಉತ್ತರವಾಗಿ ಇಸ್ತ್ರಿಪೆಟ್ಟಿಗೆಯೇ ಹಾರಿಬಂತು. ಸಾಹೇಬರು ಭುಜ ಹಿಡಿದು ಎಳೆಯದಿದ್ದರೆ ನಿನ್ನ ಅಕ್ಕನ ಮುಖದ ಸುಕ್ಕೆಲ್ಲ ಒಂದೇ ಏಟಿಗೆ ನೆಟ್ಟಗಾಗುತ್ತಿತ್ತು. ಆದ್ದರಿಂದ ಪೊಲೀಸರೇ ಬೇಡ ಎಂದು ನಾನು ಹೇಳಲಾರೆ. ಅವರಿಲ್ಲದಿದ್ದರೆ ಈ ಪತ್ರವೂ ಇರುತ್ತಿರಲಿಲ್ಲ.

ಇನ್ನು ಇವರು ನುಗ್ಗುತ್ತಾರೆ ಎಂದುಕೊಂಡೆ. "ಸಾರ್, ಇನ್ನೊಂದ್ಸಲ" ಎಂದು ಬೇಡಿದೆ.

"ನಿಮಗೇನಾದ್ರೂ ಆದ್ರೆ ನಾನ್ರೀ ಉತ್ತರ ಕೊಡ್ಬೇಕು."

"ಅವರಿಗೇನಾದ್ರೂ ಆದ್ರೆ?"

ಅವರು ಆ ಹೆಂಗಸಿನ ಕಡೆ ನೋಡಿದರು. ಅವರಿಗೂ ಹೆದರಿಕೆ, ಗುಂಡಾ. ಲಾಠಿಯನ್ನು ಬೆನ್ನ ಹಿಂದೆ ಹಿಡಿದು, "ನಾನು ಇಲ್ಲೇ ಇರ್ತೀನಿ. ಮಾತಾಡಿ" ಎಂದರು.

ಮತ್ತೆ ಬಗ್ಗುವಷ್ಟರಲ್ಲಿ ಒಳಗಿನಿಂದಲೇ ಮಾತು ಬಂತು. "ಯಾರು ಕರೆದಿದ್ದು ಇವರನ್ನ?"

ಇದಕ್ಕೆ ನೇರ ಉತ್ತರ ಕೊಡಬೇಡಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ನಾನು ಏನೋ ತೇಲಿಸಲು ಹೊರಟೆ. ಅವರ ಹೆಂಡತಿ ಮುಂದೆ ಬಂದುಬಿಟ್ಟರು.

"ನಾನೇ ಕಣ್ರೀ ಕರೆದಿದ್ದು."



"ನೀವು ನನ್ನ ಹೊಡೀತೀರಿ ಅಂತಲ್ಲ. ಕತ್ತರೀನ ಕುತ್ತಿಗೆಗೆ ಇಟ್ಕೊಂಡ್ರಲ್ಲ, ಅದಕ್ಕೆ. ಇನ್ಯಾರನ್ನ ಕರೀಲಿ ನಾನು? ನೀವೇ ಹೇಳಿ, ಯಾರಿದಾರೆ ನಮಗೆ?"

  ಎಷ್ಟೋ ಹೊತ್ತಿನ ಮೇಲೆ ಕತ್ತರಿ ನೆಲದ ಮೇಲೆ ಸರಿಯುತ್ತ ಹೊರಬಂತು, ಹಿಡಿ ನಮ್ಮ ಕಡೆಗೆ. ಅಂಥ ಹೊತ್ತಿನಲ್ಲೂ ಮೊನೆಯನ್ನು ಇನ್ನೊಬ್ಬರ ಕಡೆ ತಿರುಗಿಸಬಾರದೆಂಬ ಕಸುಬಿನ ಮರ್ಯಾದೆ ಬಿಟ್ಟಿರಲಿಲ್ಲ. ಆಮೇಲೆ ಅವರೇ ಬಂದರು, ಶಟರು ಎಳೆದು, ಹೆಂಡತಿಯ ಹತ್ತಿರ ಬೀಗ ಕೇಳಿದರು. ಸಾಹೇಬರ ಕೈ ಕೋಳದ ಕಡೆ ಹೋಯಿತು. ನಾನು ನೋಡಿದೆ. ಕೈ ದಾರಿ ಬದಲಿಸಿ ಮೀಸೆ ಕೆರೆಯಿತು.

ಆಸ್ಪತ್ರೆಗೆ ಹೊರಟ ಜೀಪಿನ ಹಿಂದಿನ ಸೀಟಿನಲ್ಲಿ ದರ್ಜಿ ನನ್ನ ಮತ್ತು ಅವರ ಹೆಂಡತಿಯ ನಡುವೆ ಕೂತರು. ಮುಂದಿನ ಸೀಟಿನಿಂದ ಸಾಹೇಬರು, "ಯಜಮಾನ್ರೇ, ನನ್ನ ಯೂನಿಫಾರ್ಮು ಭುಜದ ಹತ್ರ ಬಿಗಿ. ವಾಸಿಯಾದ್ಮೇಲೆ ಸ್ವಲ್ಪ ನೋಡ್ತೀರಾ?" ಎಂದರು.

"ಭುಜ ಅಲ್ಲ ಸಾರ್," ಎಂದರು ದರ್ಜಿ, "ಹೊಟ್ಟೆ."

ಗುಂಡಾ, ಮನೆಗೆ ಬಾ. ಮತ್ತೆ ಕಷ್ಟ ಬಂದರೆ ಯಾರನ್ನು ಕರೆಯಬೇಕು ಎಂಬುದನ್ನು ಮನಸ್ಸು ತಿಳಿಯಾಗಿರುವ ಈಗಲೇ ನೀನೇ ಹೇಳು, ಹಾಗೆಯೇ ಮಾಡೋಣ. ಸ್ವಂತದವರ ಕರೆಗೆ ನನ್ನನ್ನು ಕಳಿಸುವುದಿಲ್ಲ; ಆದರೆ ನನ್ನಂಥ ಇನ್ನೊಬ್ಬಳು ಖಂಡಿತ ಬರುತ್ತಾಳೆ. ನೀನು ಹೂಂ ಅಂದರೆ ಸಾಕು, ಬಸ್ಸೋ ರೈಲೋ ಹಿಡಿದು ನಾನೇ ಬರುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು, ಮಾತ್ರೆ ತಪ್ಪಿಸಬೇಡ. ನನ್ನ ತಲೆ ತಿನ್ನುತ್ತ ನೂರು ವರ್ಷ ಬಾಳು.

ನಿನ್ನ ಅಕ್ಕ

ತಾ.ಕ.: ಹೇಳಬೇಡ ಎಂದು ಅಮ್ಮ ಆಣೆ ಹಾಕಿಸಿದ್ದಾಳೆ, ಆದರೂ ಬರೆಯುತ್ತೇನೆ. ಹೋದ ವಾರ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ನಾನು ಕೆಲಸ ಮುಗಿಸಿ ಬರುವವರೆಗೂ ಒದ್ದೆ ನೆಲದ ಮೇಲೆಯೇ ಬಿದ್ದಿದ್ದಳು, ಫೋನು ಕೈಯಲ್ಲೇ ಇತ್ತು. "ತುರ್ತು ನಂಬರ್ ಒತ್ತೋಕೇನಾಗಿತ್ತಮ್ಮಾ?" ಎಂದು ರೇಗಿದೆ. "ಬೆರಳು ಅಲ್ಲೀವರೆಗೂ ಹೋಯ್ತು ಕಣೇ," ಎಂದಳು. "ಒತ್ತಕ್ಕಾಗಲಿಲ್ಲ. ಅವತ್ತು ಒತ್ತಿದ್ದಕ್ಕೆ ಮಗು ಕೈ ಮುರಿದ್ರಲ್ಲ."