ಹಸಿರು ದಾರ ಕಟ್ಟಿದವಳು

೪ ಮಾರ್ಚ್ ೨೦೦೬, ಶನಿವಾರ

ಚರ್ಚ್ ಗುಡಿಸಿ ಒರೆಸಿದೆ. ಬೆಂಚು ಒರೆಸುವಷ್ಟರಲ್ಲಿ ಐದು ಗಂಟೆ. ಮಂದಿ ಬರತೊಡಗಿದರು. ಶನಿವಾರ ಅವರು ಪಾಪ ಹೇಳಿಕೊಳ್ಳುವ ದಿನ. ಈಗ ಉಪವಾಸದ ನಲವತ್ತು ದಿನ ಬೇರೆ, ಸಾಲು ಉದ್ದ. ಮೂಲೆಯಲ್ಲಿ ಕಟ್ಟಿಗೆಯ ಗೂಡು, ನಡುವೆ ಜಾಲರಿ. ಆ ಕಡೆ ಫಾದರ್. ಈ ಕಡೆ ಒಬ್ಬೊಬ್ಬರೇ ಮೊಣಕಾಲೂರುತ್ತಾರೆ. ಎರಡು ನಿಮಿಷ. ಎದ್ದು ಬರುವಾಗ ಮುಖ ನೋಡಿದೆ. ಏನೂ ಗೊತ್ತಾಗುವುದಿಲ್ಲ.

ಅಡುಗೆಯ ಉಚ್ಚಂಗೆವ್ವ ಅಂದಳು — "ಅಷ್ಟೂ ಮಂದಿ ಪಾಪ ಕೇಳಿ ಫಾದರಿಗೆ ಹೊಟ್ಟಿ ತುಂಬಿರತೈತಿ. ಆಮ್ಯಾಲೆ ನನ್ನ ಸಾರಿಗೆ ಹೆಸರಿಡ್ತಾರ."

ಅವಳೇ ನಕ್ಕಳು. ನನಗೆ ನಗು ಬರಲಿಲ್ಲ.

೬ ಮಾರ್ಚ್

ಅಕ್ಕಿ ಆರಿಸಿದೆ. ಹಾಸ್ಟೆಲ್ ಹುಡುಗಿಯರ ಚಾದರ ಒಗೆದೆ. ರಾಣೇಬೆನ್ನೂರಿಗೆ ಬಂದು ನಾಲ್ಕು ತಿಂಗಳಾಯಿತು. ಈ ನೋಟ್‌ಬುಕ್ ಸಿಸ್ಟರ್ ಸೆವ್ರಿನ್ ಕೊಟ್ಟದ್ದು. "ಭರಮವ್ವ, ನೀನು ಮಾತಾಡುವುದೇ ಇಲ್ಲ. ಬರೆದಾದರೂ ನೋಡು" ಅಂದಿದ್ದರು. ಐದನೇತ್ತೆ ಓದಿದವಳು ಏನು ಬರೆಯಲಿ. ಇವತ್ತು ಇಷ್ಟೇ.

೧೧ ಮಾರ್ಚ್, ಶನಿವಾರ

ಕೇಳಿಬಿಟ್ಟೆ. ಸಿಸ್ಟರ್ ಹೂವು ಜೋಡಿಸುತ್ತಿದ್ದರು.

"ದೇವರಿಗೇ ಹೇಳಬಹುದಲ್ರಿ. ಫಾದರಿಗೆ ಯಾಕ್ರಿ?"

ಅವರಿಗೆ ಆಶ್ಚರ್ಯ, ನಾನು ಬಾಯಿ ಬಿಟ್ಟದ್ದಕ್ಕೆ. "ಯೇಸುಸ್ವಾಮಿ ತಮ್ಮ ಶಿಷ್ಯರಿಗೆ ಆ ಅಧಿಕಾರ ಕೊಟ್ಟರು. ನೀವು ಕ್ಷಮಿಸಿದವರ ಪಾಪ ಕ್ಷಮೆಯಾಯಿತು ಅಂತ. ಫಾದರ್ ಕೂತಿರುವುದು ದೇವರ ಪರವಾಗಿ" ಅಂದರು. ಆಮೇಲೆ ದನಿ ತಗ್ಗಿಸಿ — "ನಾನೂ ಚಿಕ್ಕವಳಿದ್ದಾಗ ಒಬ್ಬಳೇ ದೇವರಿಗೆ ಹೇಳಿ ನೋಡಿದ್ದೇನೆ. ಹೇಳುತ್ತಾ ಹೇಳುತ್ತಾ ನನ್ನ ತಪ್ಪು ಸಣ್ಣದಾಗುತ್ತಿತ್ತು. ಎದುರಿಗೆ ಮನುಷ್ಯ ಇದ್ದರೆ ಹಾಗೆ ಮಾಡಲಿಕ್ಕೆ ಆಗುವುದಿಲ್ಲ."

ಹೂಂ ಅಂದೆ. ಬಕೆಟ್ ಎತ್ತಿಕೊಂಡೆ.

೧೨ ಮಾರ್ಚ್

ಇಲ್ಲಿ ಬರೆಯುತ್ತೇನೆ.

ಹೋದ ಸಪ್ಟೆಂಬರ್. ನಮ್ಮೂರು ಕುಪ್ಪೇಲೂರಿನಲ್ಲಿ ಪ್ರಭುಲಿಂಗಪ್ಪನವರ ಬೆಂಡಿ ಬೀಜದ ಪ್ಲಾಟು. ಕ್ರಾಸಿಂಗ್ ಕೆಲಸ. ಸಂಜೆ ಮೊಗ್ಗಿನೊಳಗಿನ ಗಂಡು ಭಾಗ ಕೀಳಬೇಕು, ಬಿಟ್ಟರೆ ಬೀಜ ಕೆಟ್ಟು ಖೊಟ್ಟಿಯಾಗುತ್ತದೆ. ಬೆಳಿಗ್ಗೆ ಬೇರೆ ಜಾತಿಯ ಹೂವು ತಂದು ಮುಟ್ಟಿಸಿ ದಾರ ಕಟ್ಟಬೇಕು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ. ಸಾಲು ದಿನಾ ಬದಲಾಗುತ್ತವೆ, ಯಾರ ಕೆಲಸ ಅನ್ನುವುದು ದಾರದಿಂದಲೇ ಗೊತ್ತಾಗಬೇಕು. ನನ್ನದು ಹಳದಿ. ಮಹೇಶ್ವರಿಯದು ಹಸಿರು. ಮಹೇಶ್ವರಿ ನಮ್ಮ ಓಣಿಯವಳು, ಐದನೇತ್ತೆ ತನಕ ಒಂದೇ ಬೆಂಚು.

ಅವತ್ತು ಸಂಜೆ ಹೊರಗಾದೆ. ಲಂಗಕ್ಕೆ ಹತ್ತಿತ್ತು. ಸೂಪರ್‌ವೈಸರ್ ಹೊಳಿಯಪ್ಪ ಅಲ್ಲೇ ನಿಂತಿದ್ದ. ಗಂಡಸಿಗೆ ಏನಂತ ಹೇಳಲಿ. ಅರ್ಧ ಸಾಲು ಬಿಟ್ಟು ಬದುವಿನ ಆಚೆ ಕೂತೆ, ಎಲ್ಲರೂ ಹೋಗುವ ತನಕ. ಬೆಳಿಗ್ಗೆ ಬಂದು, ಕೀಳದೇ ಬಿಟ್ಟ ಹೂವುಗಳಿಗೂ ದಾರ ಕಟ್ಟಿದೆ. ನನ್ನ ಹಳದಿ ದಾರದ ಉಂಡೆ ಮುಗಿದಿತ್ತು. ಬದುವಿನ ಮೇಲೆ ಹಸಿರು ಉಂಡೆ ಇತ್ತು, ಅದರಿಂದಲೇ ಕಟ್ಟಿದೆ.

ಅದೇ ಬೆಳಿಗ್ಗೆ ಕಂಪನಿಯವರು ತಪಾಸಣೆಗೆ ಬಂದರು. ಗಂಡು ಭಾಗ ಕೀಳದ ಹೂವುಗಳಿಗೆ ಹಸಿರು ದಾರ ಕಂಡಿತು. ಎಲ್ಲರ ಮುಂದೆ ಮಹೇಶ್ವರಿಯನ್ನು ಪ್ಲಾಟಿನಿಂದ ಎಬ್ಬಿಸಿದರು. ನಾನು ಮೂರು ಸಾಲು ಆಚೆ ನಿಂತಿದ್ದೆ.

ಬೇಕಂತ ಮಾಡಲಿಲ್ಲ ಎಂದು ಬರೆಯಲು ಹೋದೆ. ಗೊತ್ತಿಲ್ಲ.

೨೫ ಮಾರ್ಚ್, ಶನಿವಾರ

ಫಾದರ್ ಸಾಲ್ವದೋರ್ ಬೆಳಿಗ್ಗೆ ಚೀಲ ಹಿಡಿದು ಹಾವೇರಿ ಬಸ್ಸಿಗೆ ಹೋದರು. ಅಲ್ಲಿ ಇನ್ನೊಬ್ಬ ಫಾದರಿಗೆ ತಮ್ಮ ಪಾಪ ಹೇಳಲಿಕ್ಕಂತೆ. ತಮಗೆ ತಾವೇ ಹೇಳಿಕೊಂಡರೆ ನಡೆಯುವುದಿಲ್ಲವಂತೆ.

"ಅವರೇನ ಪಾಪ ಮಾಡಿರ್ತಾರಬೇ?" ಅಂದೆ.

"ನನ್ನ ಸಾರಿಗೆ ಹೆಸರಿಟ್ಟಿದ್ದು" ಅಂದಳು ಉಚ್ಚಂಗೆವ್ವ.

೩೦ ಮಾರ್ಚ್, ಯುಗಾದಿ

ಊರಲ್ಲಿ. ಅವ್ವ ಹೋಳಿಗೆ ಬಡಿಸುತ್ತಾ ಅಂದಳು — "ಮಹೇಶ್ವರೀನ್ನ ಯಾರೂ ಪ್ಲಾಟಿಗೆ ಕರಿಯಂಗಿಲ್ಲ ಈಗ. ಖೊಟ್ಟಿ ಕೈ ಅಂತಾರ. ದಿನಾ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತೊಟ್ಟು ಮುರೀತಾಳ. ಹೆಣ್ಣ ನೋಡಾಕ ಬಂದವರೂ ತಿರುಗಿ ಬರಲಿಲ್ಲ, ಪಾಪ."

ಎರಡು ಹೋಳಿಗೆ ತಿಂದೆ. ರುಚಿ ಗೊತ್ತಾಗಲಿಲ್ಲ. ಮಧ್ಯಾಹ್ನದ ಬಸ್ಸಿಗೆ ವಾಪಸ್.

೮ ಏಪ್ರಿಲ್, ಶನಿವಾರ, ಸಂಜೆ ಏಳು

ಸಾಲು ಮುಗಿದಿತ್ತು. ಫಾದರ್ ಇನ್ನೂ ಗೂಡಿನಲ್ಲಿದ್ದರು. ಕಸಬರಿಗೆ ಗೋಡೆಗೆ ಒರಗಿಸಿ ಮೊಣಕಾಲೂರಿದೆ.

"ನಾ ನಿಮ್ಮ ಧರ್ಮದಾಕಿ ಅಲ್ರಿ."

"ಗೊತ್ತು. ನಮ್ಮ ಸಂಸ್ಕಾರ ನಿನಗೆ ಕೊಡಲಿಕ್ಕೆ ಬರುವುದಿಲ್ಲ. ಕೇಳಲಿಕ್ಕೆ ಬರುತ್ತದೆ. ಹೇಳು."

ಹೇಳಿದೆ. ಹೊರಗಾದದ್ದನ್ನೂ. ಆ ಮಾತು ಬಂದಾಗ ಜಾಲರಿ ಬಿಟ್ಟು ನೆಲ ನೋಡಿದೆ. ಅವರು ಆತುರ ಮಾಡಲಿಲ್ಲ.

"ನೀವು ಪ್ರಭುಲಿಂಗಪ್ಪಗ ಹೇಳ್ತೀರೇನ್ರಿ?"

"ಇಲ್ಲ. ಇಲ್ಲಿ ಕೇಳಿದ್ದು ಯಾರಿಗೂ ಹೇಳುವ ಹಾಗಿಲ್ಲ. ನಾಳೆ ನಿನ್ನ ಹತ್ತಿರವೂ ಆ ಮಾತು ತೆಗೆಯುವುದಿಲ್ಲ."

ಅದೇ ಆಸೆಗೆ ಹೋಗಿದ್ದೆ ಅಂತ ಆಗ ತಿಳಿಯಿತು. ಅವರೇ ಹೋಗಿ ಹೇಳಲಿ, ನಾನು ಇಲ್ಲೇ ಉಳಿದುಬಿಡುತ್ತೇನೆ ಅಂತ.

"ಮತ್ತ ಹೇಳಿ ಏನಾತ್ರಿ?"

"ನಮ್ಮವರಿಗೆ ದೇವರ ಹೆಸರಲ್ಲಿ ಕ್ಷಮೆ ಹೇಳುತ್ತೇನೆ. ಆದರೂ ಕದ್ದವನು ಬಂದರೆ, ಹೋಗಿ ವಾಪಸ್ ಕೊಡು ಅನ್ನುತ್ತೇನೆ. ನೀನು ತೆಗೆದುಕೊಂಡದ್ದು ಆ ಹುಡುಗಿಯ ಹೆಸರು."

ಎದ್ದೆ. ಹಗುರಾಗಲಿಲ್ಲ. ಉಳಿದ ಅರ್ಧ ಗುಡಿಸಿದೆ.

೧೪ ಏಪ್ರಿಲ್, ಗುಡ್ ಫ್ರೈಡೆ

ಕೆಲಸ ಬಹಳ. ನಲ್ಲಿ ಹತ್ತಿರ ಫಾದರ್ ಸಿಕ್ಕರು. "ನೀರು ಬಂತಾ?" ಅಂದರು. ಅಷ್ಟೇ.

೧೭ ಏಪ್ರಿಲ್, ಸೋಮವಾರ

ಹಾಸ್ಟೆಲಿಗೆ ರಜೆ. ಬ್ಯಾಡಗಿಗೆ ಹೋದೆ. ಕಣದ ತುಂಬ ಮೆಣಸಿನಕಾಯಿ, ಮೂಗಿಗೆ ಬಟ್ಟೆ ಕಟ್ಟಿದ ಹೆಂಗಸರು. ಮಹೇಶ್ವರಿ ಮೊದಲು ನೋಡಿದಳು.

"ಏನ ಭರಮಿ, ಬಿಳಿ ಸೀರಿ ಉಟ್ಟು ಸಿಸ್ಟರ್ ಆಗಿರ್ತಿ ಅನ್ಕೊಂಡಿದ್ದೆ."

ಪಕ್ಕದಲ್ಲಿ ಕೂತು ಹೇಳಿದೆ. ಅವಳ ಕೈ ತೊಟ್ಟು ಮುರಿಯುವುದನ್ನು ಬಿಡಲಿಲ್ಲ.

"ನನ್ನ ದಾರ ನೀ ಕಟ್ಟೀದಿ."

"ಹೂಂ."

"ನಮ್ಮಪ್ಪ ಬಡಿದಾ ನನ್ನ."

"ಹೂಂ."

"ನನಗ ನನ್ನ ಮ್ಯಾಲೇ ಅನುಮಾನ ಬಂದಿತ್ತು. ನಿದ್ದಿಗಣ್ಣಾಗ ನಾನ ಕಟ್ಟೇನೇನೋ ಅಂತ."

ಕೆಮ್ಮಿದಳು. ನನಗೂ ಕೆಮ್ಮು ಬಂತು.

"ತಪ್ಪಾತು" ಅಂದೆ.

"ನನ್ನ ಕಿವ್ಯಾಗ ಹೇಳಿದ್ರ ನನಗೇನ ಬಂತು? ಎಲ್ಲಾರ ಮುಂದ ನನ್ನ ಎಬ್ಬಿಸಿದ್ರು. ಎಲ್ಲಾರ ಮುಂದ ಹೇಳು. ನಾ ನಿಂತು ಕೇಳ್ತೇನಿ."

೧೯ ಏಪ್ರಿಲ್, ಬುಧವಾರ, ಬೆಳಿಗ್ಗೆ ಎಂಟು, ಕುಪ್ಪೇಲೂರು

ಪ್ರಭುಲಿಂಗಪ್ಪನವರ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಬೇಸಿಗೆ ಪ್ಲಾಟಿಗೆ ಹೋಗುವವರು ಟಂಟಂ ಗಾಡಿ ಕಾಯುತ್ತಿದ್ದಾರೆ, ಎಲ್ಲ ಅವತ್ತಿನವರೇ. ಹೊಳಿಯಪ್ಪ ಬೈಕ್ ನಿಲ್ಲಿಸಿದ. ಮಹೇಶ್ವರಿ ಬೇವಿನ ಗಿಡದ ಕೆಳಗೆ ನಿಂತಿದ್ದಾಳೆ. ಯಾರೂ ಅವಳನ್ನು ಮಾತಾಡಿಸುತ್ತಿಲ್ಲ.

"ಏನವಾ, ಕೆಲಸಕ್ಕ ಬಂದ್ಯಾ?" ಅಂದರು ಪ್ರಭುಲಿಂಗಪ್ಪ.

"ಇಲ್ರಿ. ಒಂದ ಮಾತು ಹೇಳೂದೈತ್ರಿ. ಇವರೆಲ್ಲಾರೂ ಇದ್ದಾಗ."

ಅಂಗಿ ಹಾಕಿಕೊಂಡು ಬರುತ್ತೇನೆಂದು ಒಳಗೆ ಹೋದರು.

ಆ ಸಂಜೆ ಯಾಕೆ ಸಾಲು ಬಿಟ್ಟೆ ಅಂತ ಕೇಳೇ ಕೇಳುತ್ತಾರೆ. ಅದನ್ನೂ ಹೇಳಬೇಕು, ಇಷ್ಟು ಗಂಡಸರ ನಡುವೆ. ಇಲ್ಲಿ ಜಾಲರಿ ಇಲ್ಲ. ಬಾಗಿಲ ಸಪ್ಪಳ. ಬಂದರು. ಮಹೇಶ್ವರಿ ಹತ್ತಿರ ಬರುತ್ತಿದ್ದಾಳೆ. ಮೊದಲು ಅವಳ ಹೆಸರು ಹೇಳುತ್ತೇನೆ. ಆಮೇಲೆ ನನ್ನದು.