ತಲೆ ಎಷ್ಟು ಬಗ್ಗಿಸ್ಬೇಕು

ಜನವರಿ 6, ಬೆಳಗ್ಗೆ 6.30

ಇವತ್ತೂ ಕನ್ನಡಿ ಮುಂದೆ ಹದಿನೈದು ಸಲ ಬಗ್ಗಿದೆ. ಸೊಂಟ ಬಗ್ಗಬೇಕು, ಕುತ್ತಿಗೆ ಅಲ್ಲ. ಕೈ ತೊಡೆ ಪಕ್ಕ ಇರಬೇಕು. ಆದ್ರೆ ತಾನಾಗೇ ಎದೆ ಹತ್ರ ಬಂದು ನಮಸ್ಕಾರ ಆಗ್ಬಿಡುತ್ತೆ. ಆಶಾರಾಣಿ ಚಪಾತಿ ಲಟ್ಟಿಸ್ತಾ ನಕ್ಳು. ಮದುವೇಲಿ ನಮ್ಮಪ್ಪನಿಗೂ ಇಷ್ಟು ಬಗ್ಗಿರ್ಲಿಲ್ಲ ನೀವು, ಅಂದ್ಳು.

ಇನ್ನೂ ನಂಬಿಕೆ ಬರ್ತಿಲ್ಲ. ಹನ್ನೊಂದು ವರ್ಷ ಓಕದಾ ಸಾರ್ ಕಾರು ಓಡಿಸ್ದೆ — ಇಂದಿರಾನಗರದ ಫ್ಲ್ಯಾಟಿಂದ ದೊಡ್ಡನೆಕ್ಕುಂದಿ ಫ್ಯಾಕ್ಟರಿಗೆ, ವಾಪಸ್. ಹೋದ ಫೆಬ್ರವರೀಲಿ ತೀರ್ಕೊಂಡ್ರು. ಈಗ ವರ್ಷದ ಪುಣ್ಯಸ್ಮರಣೆ. ಅವರ ಮನೆಯವ್ರು ಜಪಾನಿಂದ ಟಿಕೆಟ್ ಕಳಿಸಿದ್ದಾರೆ. ಮ್ಯಾನೇಜರಿಗಲ್ಲ, ಡ್ರೈವರ್ ಪ್ರಭುಲಿಂಗನಿಗೆ. ಯಾಕೆ?

ಜನವರಿ 9

ಫ್ರೇಜರ್ ಟೌನಲ್ಲಿ ಸಾಮಿಯಾ ಅನ್ನೋ ಹುಡುಗಿ ಕಂಪನಿ ಜನಕ್ಕೆ ಜಪಾನೀಸ್ ಹೇಳ್ಕೊಡ್ತಾಳೆ. ಅವಳ ಹತ್ರ ಎರಡನೇ ಕ್ಲಾಸು. ಕನ್ನಡ ಚೆನ್ನಾಗಿದೆ, ಮಧ್ಯ ಮಧ್ಯ ಅವರಮ್ಮನ ಜೊತೆ ದಖ್ನಿ ಉರ್ದು. ನನ್ನನ್ನ ಅಂಕಲ್ ಅಂತಾಳೆ.

ಶೂ ಬಿಟ್ಟ ಮೇಲೆ ತುದಿ ಬಾಗಿಲ ಕಡೆ ತಿರುಗಿಸ್ಬೇಕು. ಅನ್ನದಲ್ಲಿ ಊಟದ ಕಡ್ಡಿ ನೆಟ್ಟಗೆ ಚುಚ್ಬಾರ್ದು, ಅದು ಸತ್ತವರಿಗೆ ಇಡೋ ರೀತಿ. ಕಪ್ಪು ಸೂಟು, ಕಪ್ಪು ಟೈ. ಯಾರನ್ನೂ ಮುಟ್ಬಾರ್ದು. ಅಳು ಬಂದ್ರೆ ಶಬ್ದ ಇಲ್ದೆ.

ಇಲ್ಲೀವರೆಗೂ ಸರಿ. ಆಮೇಲೆ ತಲೆ ಕೆಟ್ಟಿತು. ‘ಹಾಯ್’ ಅಂದ್ರೆ ಹೌದು. ಆದ್ರೆ ಒಪ್ಪಿದೆ ಅಂತಲ್ಲ, ಕೇಳಿಸ್ತು ಅಂತ ಅಷ್ಟೇ ಇರಬಹುದು. ‘ಸ್ವಲ್ಪ ಕಷ್ಟ’ ಅಂದ್ರೆ ಆಗಲ್ಲ ಅಂತ. ಹಾಗಾದ್ರೆ ಮನಸ್ಸಲ್ಲಿ ಏನಿದೆ ಅಂತ ಹೇಗೆ ತಿಳಿಯೋದು ಅಂದೆ.

“ಕೇಳ್ಬಾರ್ದು ಅಂಕಲ್. ಗೊತ್ತಾಗ್ಬೇಕು.”

ಜನವರಿ 16

ಡೈಜೋಬು.

ಇವತ್ತು ಸಾಮಿಯಾ ಟೀ ತಂದು, ಜಪಾನೀಸಲ್ಲಿ ಬೇಡ ಅನ್ನಿ ನೋಡೋಣ ಅಂದ್ಳು. ಗೊತ್ತಿಲ್ಲ ಅಂದೆ. ‘ಡೈಜೋಬು’ ಅನ್ಬಹುದು ಅಂದ್ಳು. ಅದು ಚೆನ್ನಾಗಿದೀನಿ ಅಂತಲ್ವಾ? ಅದೂ ಹೌದಂತೆ. ಬೇಡ, ನಿಮಗ್ಯಾಕೆ ತೊಂದರೆ — ಹಾಗೂ ಆಗುತ್ತಂತೆ.

ಟೀ ಕುಡೀಲಿಲ್ಲ. ಎದ್ದು ಬಂದ್ಬಿಟ್ಟೆ.

ಜನವರಿ 23

ಒಂದು ವಾರದಿಂದ ಕ್ಲಾಸಿಗೆ ಹೋಗಿಲ್ಲ. ಬರೆದ್ರೆ ಹಗುರ ಆಗುತ್ತೇನೋ.

ಸಾರ್ ತೀರ್ಕೊಂಡ ದಿನ ಬೆಳಗ್ಗೆ ಕಾರು ಹತ್ತಿದಾಗ್ಲೇ ಅವರ ಮುಖ ಬೂದಿ ಬಣ್ಣ. ಎಸಿ ಹಾಕಿದ್ರೂ ಬೆವರು. ಕೈ ಎದೆ ಮೇಲೆ. ಕನ್ನಡೀಲಿ ನೋಡ್ದೆ. ಹಾಸ್ಪಿಟಲ್ ಸಾರ್? ಅಂತ ಕೇಳ್ದೆ. ಡೈಜೋಬು ಅಂದ್ರು. ಇನ್ನೊಂದು ಸಲ ಕೇಳ್ದೆ. ಅದೇ ಮಾತು, ನಗು ಬೇರೆ. ದಾರೀಲೇ ಆಸ್ಪತ್ರೆ ಇತ್ತು. ದಾಟ್ಕೊಂಡು ಹೋದೆ. ಗೇಟಲ್ಲಿ ಇಳಿಸ್ದೆ. ಹನ್ನೊಂದೂವರೆಗೆ ಮೀಟಿಂಗಲ್ಲೇ ಬಿದ್ರಂತೆ.

ಕಾರಲ್ಲಿ ಏನಾದ್ರೂ ಹೇಳಿದ್ರಾ ಅಂತ ಆಫೀಸವ್ರು ಕೇಳಿದ್ರು. ಇಲ್ಲ ಅಂದೆ. ಆಶಾರಾಣಿಗೂ ಹೇಳಿಲ್ಲ.

ಹನ್ನೊಂದು ವರ್ಷ ಕೇಳಿದ ಪದ. ಅರ್ಥ ಗೊತ್ತು ಅಂದ್ಕೊಂಡಿದ್ದೆ.

ಜನವರಿ 24, ಸಂಜೆ

ಸಾರ್ ಮಗಳು ಚಿಹಾರು ಮೇಲ್ ಹಾಕಿದ್ದಾಳೆ. ಕೊನೇ ಬೆಳಗ್ಗೆ ಅಪ್ಪನ ಜೊತೆ ಇದ್ದವರು ನೀವು. ಅಮ್ಮನಿಗೆ ಅದನ್ನ ನಿಮ್ಮ ಬಾಯಿಂದ ಕೇಳಬೇಕು. ಅದಕ್ಕೇ ಕರೆದದ್ದು.

ಈಗ ಗೊತ್ತಾಯ್ತು, ಯಾಕೆ ಅಂತ.

ಆಶಾರಾಣಿಗೆ ಎಲ್ಲಾ ಹೇಳ್ಬಿಟ್ಟೆ. ಒಲೆ ಆರಿಸಿ ಬಂದು ಕೂತ್ಳು. ಬೈತಾಳೆ ಅಂದ್ಕೊಂಡೆ. ಬೈಲಿಲ್ಲ.

“ಹೇಳಿದ್ರೆ ಆ ಯಮ್ಮನಿಗೆ ನೋವು. ಹೇಳ್ದಿದ್ರೆ ನಿಮಗೆ. ಯಾವ್ದು ಅಂತ ನೀವೇ ನೋಡಿ.”

ನನಗೆ ನೋಡೋಕೆ ಆಗಿದ್ರೆ ಇವಳನ್ನ ಯಾಕೆ ಕೇಳ್ತಿದ್ದೆ...

ಜನವರಿ 27

ಕ್ಲಾಸಿಗೆ ಹೋದೆ. ಒಂದು ಮಾತು ಜಪಾನೀಸಿಗೆ ಮಾಡ್ಕೊಡಮ್ಮ ಅಂದೆ: ಅವತ್ತು ಸಾರ್‌ಗೆ ಎದೆ ನೋವಿತ್ತು, ನಾನು ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ಲ. ಸಾಮಿಯಾ ಬರೀತಾ ಬರೀತಾ ಪೆನ್ನು ಕೆಳಗಿಟ್ಳು. ಪೂಜೆ ದಿನ ಇಂಥದ್ದು ಆಡಲ್ಲ ಅಂದ್ಳು. ಸುತ್ತಿ ಬಳಸಿ ಹೇಳೋ ರೀತಿ ಇದೆ ಅಂದ್ಳು. ಆಮೇಲೆ, “ಗೊತ್ತಿಲ್ಲ ಅಂಕಲ್. ಇದು ನನ್ನ ಪುಸ್ತಕದಲ್ಲಿಲ್ಲ.”

ಕೊನೆಗೆ ಕನ್ನಡ ಅಕ್ಷರದಲ್ಲಿ ಬರ್ಕೊಟ್ಳು. ಎರಡೂವರೆ ಸಾಲು.

ಫೆಬ್ರವರಿ 5

ವೀಸಾ ಬಂತು. ಹಲಸೂರು ಸಿಗ್ನಲ್ಲಲ್ಲಿ ಆ ಎರಡೂವರೆ ಸಾಲು ಬಾಯಿಪಾಠ. ಈಗಿನ ಸಾಹೇಬ್ರು, ಮಂತ್ರಾನಾ ಅಂದ್ರು. ಹೌದು ಸಾರ್ ಅಂದೆ.

ಸೋಮವಾರ ಹೇಳ್ಬೇಕು ಅನ್ಸುತ್ತೆ. ಮಂಗಳವಾರ ಬೇಡ ಅನ್ಸುತ್ತೆ. ಇವತ್ತು ಬುಧವಾರ — ಹೋಗೋದೇ ಬೇಡ ಅನ್ಸ್ತಿದೆ.

ಫೆಬ್ರವರಿ 15, ನಗೋಯಾ, ಸಂಜೆ

ಚಳಿ. ಕೈ ಬೆರಳು ಬಗ್ತಿಲ್ಲ, ಅಕ್ಷರ ಸೊಟ್ಟ.

ಶೂ ಸರಿಯಾಗಿ ತಿರುಗಿಸ್ದೆ. ಸರಿಯಾಗಿ ಬಗ್ಗಿದೆ. ಪೂಜೆ ಆಯ್ತು, ನೆಂಟರು ಹೋದ್ರು. ಸಾರ್ ಹೆಂಡ್ತಿ, ಓಕದಾ ಅಮ್ಮ, ಎದುರಿಗೆ ಕೂತ್ರು. ಸಣ್ಣ ಜೀವ. ಮಗಳು ಪಕ್ಕದಲ್ಲಿ. ಮೊದಲ ಸಾಲು ಹೇಳ್ದೆ, ಎರಡನೇದು ಮರ್ತೋಯ್ತು. ಉಳಿದದ್ದು ನನ್ನ ಹರುಕು ಇಂಗ್ಲಿಷಲ್ಲಿ. ಬೆವರು, ಡೈಜೋಬು, ಆಸ್ಪತ್ರೆ, ಗೇಟು — ಎಲ್ಲಾ. ಆಫೀಸಲ್ಲಿ ಸುಳ್ಳು ಹೇಳಿದ್ದನ್ನೂ. ಶಬ್ದ ಮಾಡಿಯೇ ಅತ್ತೆ.

ಮಗಳು ಜಪಾನೀಸಲ್ಲಿ ಹೇಳಿದ್ಳು. ಅಮ್ಮ “ಹಾಯ್” ಅಂದ್ರು. ಇನ್ನೊಂದು ಸಲ “ಹಾಯ್”. ಎದ್ದು ಒಳಗೆ ಹೋದ್ರು.

ಯಾವ ಹಾಯ್ ಅದು? ಕೇಳಿಸ್ತು ಅಂತಾನಾ? ಕ್ಷಮಿಸ್ದೆ ಅಂತಾನಾ? ಸಾಮಿಯಾಗೆ ಫೋನ್ ಹೋಗ್ತಿಲ್ಲ. ತಡೀಲಿಲ್ಲ — ಕೇಳ್ಬಾರ್ದು ಅಂತ ಗೊತ್ತಿದ್ದೂ ಮಗಳನ್ನ ಕೇಳ್ದೆ. ಅಮ್ಮನಿಗೆ ನನ್ನ ಮೇಲೆ ಕೋಪ ಇದೆಯಾ?



“ಇದೆ,” ಅಂದ್ಳು. “ಅಪ್ಪನ ಮೇಲೆ ಇನ್ನೂ ಜಾಸ್ತಿ. ಅಮ್ಮ ಮೂವತ್ತು ವರ್ಷ ಡಾಕ್ಟರ ಹತ್ರ ಹೋಗಿ ಅಂತಿದ್ರು. ಅವರಿಗೂ ಅದೇ ಉತ್ತರ.”

ಇಲ್ಲಿಗೆ ಬಂದ ಮೇಲೆ ನೇರವಾಗಿ ಸಿಕ್ಕಿದ ಮೊದಲ ಮಾತು. ನೋವೂ ಆಯ್ತು, ಉಸಿರೂ ಬಂತು. ಎರಡೂ ಒಟ್ಟಿಗೆ ಹೇಗೆ, ಗೊತ್ತಿಲ್ಲ.

ಫೆಬ್ರವರಿ 16, ಬೆಳಗ್ಗೆ 10

ಬೆಳಗ್ಗೆ ಏಳಕ್ಕೇ ಅಮ್ಮ ಕೋಟು ಹಾಕ್ಕೊಂಡು ನಿಂತಿದ್ರು. ನನಗೂ ಒಂದು ಕೋಟು — ಸಾರ್‌ದು. ತೋಳು ಗಿಡ್ಡ. ಮಗಳು ಬರ್ಲಿಲ್ಲ. ಇಬ್ರೇ ಸ್ಮಶಾನಕ್ಕೆ ನಡ್ಕೊಂಡು ಹೋದ್ವಿ.

ಸಮಾಧಿ ನಮ್ಮ ಸೊಂಟದಷ್ಟು ಎತ್ತರ, ಬೂದು ಕಲ್ಲು. ನಲ್ಲಿ ಹತ್ರ ಅಮ್ಮ ಮರದ ಬಕೆಟ್ಟು ತುಂಬಿಸಿದ್ರು. ಕಲ್ಲಿನ ಮುಂದೆ ಬಂದು ಬಕೆಟ್ಟು, ಉದ್ದ ಹಿಡಿಯ ಸೌಟು ನನ್ನ ಕೈಗೆ ಕೊಟ್ರು. ಇದನ್ನ ಸಾಮಿಯಾ ಹೇಳ್ಕೊಟ್ಟಿರ್ಲಿಲ್ಲ. ಎಷ್ಟು ನೀರು, ಎಲ್ಲಿಂದ ಶುರು... ಅಮ್ಮನ ಮುಖ ನೋಡ್ದೆ.

ದಾವಣಗೆರೆ ಹತ್ರ ನಮ್ಮೂರಲ್ಲಿ ಅಪ್ಪನ ಗದ್ದುಗೆಗೆ ಹಾಕೋ ಹಾಗೇ ಹಾಕ್ದೆ. ನೆತ್ತಿಯಿಂದ, ನಿಧಾನಕ್ಕೆ, ಅಂಗೈಲಿ ಕಲ್ಲು ಉಜ್ಜುತ್ತಾ. ನೀರು ಐಸು. ಸರಿಯೋ ತಪ್ಪೋ ಗೊತ್ತಿಲ್ಲ. ಒಂದು ಕಡೆ ಮುಗಿದು ಹಿಂದಕ್ಕೆ ಹೋದಾಗ ಅಮ್ಮ ಕೈಗವಸು ಬಿಚ್ಚಿದ್ರು. ನನ್ನ ಪಕ್ಕ ಬಂದು ಅಂಗೈ ಕಲ್ಲಿಗೆ ಒತ್ತಿದ್ರು, ಆಮೇಲೆ ನನ್ನ ಹಾಗೇ ನೆತ್ತಿಯಿಂದ ಉಜ್ಜೋಕೆ ಶುರು ಮಾಡಿದ್ರು.