ರಿಜಿಸ್ಟರಿನಲ್ಲಿ ಸಿಕ್ಕ ಅಣ್ಣನಿಗೆ

ಥಾರ್ನ್‌ಬೆಕ್, ಯಾರ್ಕ್‌ಶೈರ್
೯ ಮಾರ್ಚ್ ೧೯೯೫

ಪ್ರೀತಿಯ ಅಣ್ಣ,

ಹದಿನಾಲ್ಕು ತಿಂಗಳ ಕೂಸನ್ನು ಅರವತ್ತಮೂರರ ಮುದುಕ ಅಣ್ಣ ಅನ್ನುತ್ತಿದ್ದಾನೆ. ಬೇರೆ ಏನೆಂದು ಕರೆಯಲಿ? ನೀನು ನನಗಿಂತ ಮೊದಲು ಹುಟ್ಟಿದವನು. ಹೆಸರು ಹಿಡಿದು ಕೂಗಿದರೆ ನನ್ನನ್ನೇ ಕೂಗಿಕೊಂಡಂತಾಗುತ್ತದೆ.

ನೀನು ಇದ್ದೆಯೆಂಬುದು ನನಗೆ ತಿಳಿದದ್ದು ಹೋದ ಸೆಪ್ಟೆಂಬರಿನಲ್ಲಿ. ರೈಲ್ವೆ ಸಿಗ್ನಲ್ ಕೆಲಸದಿಂದ ನಿವೃತ್ತನಾಗಿ, ಹೆಂಡತಿಯೂ ಹೋದ ಮೇಲೆ, ಹೊತ್ತು ಕಳೆಯಲೆಂದು ನಮ್ಮ ವಂಶದ ಬೇರು ಹುಡುಕುತ್ತಾ ಕೂತಿದ್ದೆ. ಜಿಲ್ಲಾ ದಾಖಲೆ ಕಚೇರಿಯಲ್ಲಿ ನಮ್ಮೂರ ಚರ್ಚಿನಲ್ಲಿ ಕೂಸುಗಳಿಗೆ ಹೆಸರಿಡುವ ದೀಕ್ಷಾಸ್ನಾನದ ಪುಸ್ತಕ ತಿರುವುವಾಗ ೧೯೨೯ರ ಫೆಬ್ರವರಿಯಲ್ಲಿ ‘ಸೈಲಸ್ ಗಾರ್ಬಟ್’ ಎಂದು ನನ್ನದೇ ಹೆಸರಿತ್ತು. ತಂದೆ ವಿಲ್ಫ್ರೆಡ್, ತಾಯಿ ಹ್ಯಾನಾ. ಎಲ್ಲ ಸರಿ, ಆದರೆ ನಾನು ಹುಟ್ಟಿದ್ದು ೧೯೩೧ರ ನವೆಂಬರಿನಲ್ಲಿ! ಪಾದ್ರಿ ವರ್ಷ ತಪ್ಪಾಗಿ ಬರೆದಿದ್ದಾರೆ ಎಂದು ಅಲ್ಲಿನ ಗುಮಾಸ್ತೆಗೆ ತೋರಿಸಿ ನಕ್ಕೆ.

ಆಕೆ ನಗಲಿಲ್ಲ. "ಹೆಸರು ಒಂದೇ ಅಂತ ಮನುಷ್ಯನೂ ಒಬ್ಬನೇ ಅಂದ್ಕೋಬೇಡಿ ಸರ್. ಸಮಾಧಿ ಪುಸ್ತಕಾನೂ ಒಂದ್ಸಲ ನೋಡ್ಬಿಡಿ" ಅಂದಳು.

ಆ ಪುಸ್ತಕದಲ್ಲಿ, ೧೯೩೦ರ ಮಾರ್ಚಿನ ಪುಟದಲ್ಲಿ ನೀನಿದ್ದೆ.

ಅಪ್ಪನ ಮನೆತನದಲ್ಲಿ ಹಿರಿಮಗನಿಗೆ ಸೈಲಸ್ ಎಂದೇ ಹೆಸರು. ನೀನು ಬಿಟ್ಟುಹೋದದ್ದನ್ನು ನನಗೆ ಇಟ್ಟಿದ್ದರು. ಅಮ್ಮ ಒಂದು ದಿನವೂ ನನ್ನನ್ನು ಆ ಹೆಸರಿನಿಂದ ಕರೆಯಲಿಲ್ಲ, ಬರೀ ‘ಮರೀ’ ಅನ್ನುತ್ತಿದ್ದಳು. ಅದನ್ನು ಮುದ್ದೆಂದು ತಿಳಿದು ಬೆಳೆದವನು ನಾನು.

ಮರಣಪತ್ರ ತರಿಸಿದೆ. ಕಾರಣ: ಕುದಿನೀರಿನ ಸುಟ್ಟಗಾಯ. ಆಕಸ್ಮಿಕ.

ಇದನ್ನೆಲ್ಲ ಬಲ್ಲವಳು ಒಬ್ಬಳೇ ಉಳಿದಿದ್ದಳು, ಅಕ್ಕ ಡಾರ್ಕಸ್. ನೀನು ಹೋದಾಗ ಅವಳಿಗೆ ಎಂಟು ವರ್ಷ. ಮದುವೆಯಾಗದೆ, ಬೇರೆಯವರ ಒಂದು ಮಗುವನ್ನೂ ಎತ್ತಿಕೊಳ್ಳದೆ ಬದುಕಿ, ಈಗ ಊರಾಚೆಯ ವೃದ್ಧಾಶ್ರಮದಲ್ಲಿದ್ದಳು. ನಾನು ಶುಂಠಿ ಕೇಕು ಕಟ್ಟಿಸಿಕೊಂಡು, ಏನೋ ನಿಧಿ ಸಿಕ್ಕವನಂತೆ ಹೋಗಿ, ಆ ಕಾಗದವನ್ನು ಅವಳೆದುರು ಓದಿಬಿಟ್ಟೆ. ಎಂಥ ದಡ್ಡ ನಾನು! ಅವಳು ಚಹಾದ ಬಟ್ಟಲನ್ನು ಕೆಳಗಿಟ್ಟಳು.

"ಯಾರು ಕೇಳಿದ್ರೋ ನಿನ್ನ ಇದನ್ನೆಲ್ಲ ಅಗೆಯೋಕೆ?" ಅಂದಳು. ಆಮೇಲೆ ತಾನಾಗಿಯೇ ಹೇಳಿದಳು.

ಅದು ಸೋಮವಾರ, ಬಟ್ಟೆ ಒಗೆಯುವ ದಿನ. ಅಮ್ಮ ಅವಳನ್ನು ಶಾಲೆ ತಪ್ಪಿಸಿ ಸಹಾಯಕ್ಕೆ ಇರಿಸಿಕೊಂಡಿದ್ದಳು. ಕುದಿನೀರನ್ನು ಬಕೆಟ್ಟಿಗೆ ತೋಡಿಟ್ಟು, "ಮಗೂನ ನೋಡ್ಕೋ, ಈಗ ಬಂದೆ" ಎಂದು ಹಿತ್ತಲಿಗೆ ಬಟ್ಟೆ ಹರವಲು ಹೋದಳು. ಅಷ್ಟರಲ್ಲಿ ರಸ್ತೆಯಲ್ಲಿ ಉಗಿಯಂತ್ರವೊಂದು ಒಕ್ಕಣೆಯ ಯಂತ್ರವನ್ನು ಎಳೆದುಕೊಂಡು ಬಂತು. ಅಕ್ಕ ಅದನ್ನು ನೋಡಲು ಮುಂಬಾಗಿಲು ದಾಟಿ ಗೇಟಿನವರೆಗೆ ಓಡಿದಳು. ನೀನು ಬಕೆಟ್ಟಿನ ಅಂಚು ಹಿಡಿದು ಎದ್ದು ನಿಂತೆ.

"ಅಮ್ಮ ಓಡಿ ಬಂದಾಗ ‘ನಾನು ಇಲ್ಲೇ ಇದ್ದೆ, ಒಂದು ಕ್ಷಣ ಆಕಡೆ ತಿರುಗಿದ್ದೆ ಅಷ್ಟೇ’ ಅಂದೆ ಕಣೋ. ಅವಳು ನಂಬಿದ್ಲು. ನಾನು ಹೊರಗೆ ಹೋಗಿದ್ದು ಅವಳಿಗೆ ಗೊತ್ತಾಗದೇ ಹೋಯ್ತಲ್ಲ, ಅದೊಂದೇ ನೋಡು ನನ್ನ ಇಷ್ಟು ದಿನ ಉಳಿಸಿದ್ದು."

ಅಲ್ಲಿಗೆ ನಿಲ್ಲಿಸಬೇಕಿತ್ತು. ಅವಳ ಎದೆಯ ಭಾರ ಇಳಿಸುತ್ತೇನೆಂದು ನಾನು ಮತ್ತೆ ಕಚೇರಿಗೆ ಹೋದೆ. ಆ ಕಾಲದ ವಾರಪತ್ರಿಕೆಯಲ್ಲಿ ನಿನ್ನ ಸಾವಿನ ವಿಚಾರಣೆಯ ವರದಿ ಸಿಕ್ಕಿತು. ಅಮ್ಮ ಪ್ರಮಾಣ ಮಾಡಿ ಹೇಳಿದ್ದಳು: "ಮಗಳು ಶಾಲೆಗೆ ಹೋಗಿದ್ಲು. ಮನೇಲಿ ಬೇರೆ ಯಾರೂ ಇರ್ಲಿಲ್ಲ. ಮಗೂನ ಒಂಟಿಯಾಗಿ ಬಿಟ್ಟು ಹೋದವಳು ನಾನೇ." ಅಧಿಕಾರಿ ಊರವರೆದುರೇ ಅವಳನ್ನು ಬೇಜವಾಬ್ದಾರಿ ತಾಯಿ ಎಂದು ಜರೆದಿದ್ದ. ಅವಳು ತಿರುಗಿ ಮಾತಾಡಿರಲಿಲ್ಲ.

ಅಕ್ಕನಿಗೆ ಇದನ್ನು ಓದಿದರೆ ಅಮ್ಮನ ಪ್ರೀತಿ ತಿಳಿಯುತ್ತದೆ, ಹಗುರಾಗುತ್ತಾಳೆ ಎಂದುಕೊಂಡೆ. ಅವಳು ಎರಡು ಸಲ ಓದಿಸಿಕೊಂಡಳು.

"ಹಾಗಾದ್ರೆ ಅವಳಿಗೆ ಗೊತ್ತಿತ್ತು."

"ಶಾಲೆ ತಪ್ಪಿಸಿದ್ದಕ್ಕೆ ಹೆದರಿ ಹಾಗೆ ಹೇಳಿರ್ಬಹುದು ಅಕ್ಕ."

"ಇಲ್ವೋ. ಹಿತ್ತಲ ಬಟ್ಟೆ ಹಗ್ಗದ ಹತ್ರ ನಿಂತ್ರೆ ಮನೆ ಪಕ್ಕದ ಸಂದಿಯಿಂದ ಗೇಟು ಕಾಣ್ತಿತ್ತು. ಇಷ್ಟು ವರ್ಷ ನನಗದು ಹೊಳೀಲೇ ಇಲ್ಲ ನೋಡು. ನಾನು ನಿಂತಿದ್ದು ಅವಳಿಗೆ ಕಂಡಿತ್ತು."

ಅಮ್ಮ ಆಮೇಲೆ ಮೂವತ್ತೆಂಟು ವರ್ಷ ಬದುಕಿದಳು. ಅಷ್ಟೂ ವರ್ಷ ಅವರಿಬ್ಬರೂ ಒಂದೇ ಮೇಜಿನಲ್ಲಿ ಕೂತು ಚಹಾ ಕುಡಿದರು, ಒಟ್ಟಿಗೆ ಬಟ್ಟೆ ಒಗೆದರು. ಒಬ್ಬರೂ ಬಾಯಿ ಬಿಡಲಿಲ್ಲ. ಅಮ್ಮ ಸುಮ್ಮನಿದ್ದದ್ದು ಕ್ಷಮಿಸಿಯೋ, ಕ್ಷಮಿಸಲಾಗದೆಯೋ? ಅಕ್ಕ ನನ್ನನ್ನು ಕೇಳಿದ್ದು ಅದೊಂದೇ. ನಾನೇನು ಹೇಳಲಿ ಅಣ್ಣ? ಹುಟ್ಟು, ಮದುವೆ, ಸಾವು ಎಲ್ಲಕ್ಕೂ ಪುಸ್ತಕ ಇಟ್ಟ ಈ ದೇಶದಲ್ಲಿ ಅದನ್ನು ಬರೆದಿಟ್ಟವರಿಲ್ಲ.

ಕ್ರಿಸ್ಮಸ್ಸಿಗೆ ಹೋದಾಗ ನನ್ನ ಕೋಟಿನ ಗುಂಡಿ ಹಾಕುತ್ತಾ, "ಇನ್ನೇನಾದ್ರೂ ಕಾಗದ ಸಿಕ್ಕಿದ್ರೆ ನೀನೇ ಇಟ್ಕೋ, ನನಗೆ ತರ್ಬೇಡ" ಅಂದಳು. ಜನವರಿಯಲ್ಲಿ ನ್ಯುಮೋನಿಯಾ ಬಂತು. ವೈದ್ಯರು ವಯಸ್ಸು ಅಂದರು. ನಾನು ಹಾಗೆ ಅಂದುಕೊಳ್ಳಲಾರೆ. ಅವಳ ಸಾವನ್ನು ದಾಖಲಿಸಲು ಹೋದವನೂ ನಾನೇ. ತಿಳಿಸಿದವರು ಎಂಬಲ್ಲಿ ನನ್ನ ಹೆಸರು ಬರೆದು ರುಜು ಹಾಕಿದೆ.

ಚರ್ಚಿನ ಉತ್ತರದ ಗೋಡೆಯ ಬದಿಯಲ್ಲಿ, ಸಮಾಧಿಕಲ್ಲು ನೆಡದೆ ಮಕ್ಕಳನ್ನು ಹೂಳುತ್ತಿದ್ದ ಮೂಲೆಯಲ್ಲಿ ಅವಳಿಗೆ ಜಾಗ ಕೇಳಿ ಪಡೆದೆ. ನೀನು ಅಲ್ಲಿ ಎಲ್ಲಿದ್ದೀಯೋ ಯಾರಿಗೂ ಗೊತ್ತಿಲ್ಲ. ಹತ್ತಿರದಲ್ಲೇ ಎಲ್ಲೋ ಇದ್ದೀಯೆ, ಅಷ್ಟು ಸಾಕು.

ಅವಳು ಬಂದಿದ್ದಾಳೆ ಅಣ್ಣ. ನಾಚಿಕೊಂಡು ದೂರವೇ ನಿಂತಿರುತ್ತಾಳೆ. ನೀನೇ ತೆವಳಿಕೊಂಡು ಹೋಗಿ ಅವಳ ಬೆರಳು ಹಿಡಿದುಕೋ. ನಿಮ್ಮಿಬ್ಬರ ನಿದ್ದೆಯೂ ತಣ್ಣಗಿರಲಿ.

ನಿನ್ನ ತಮ್ಮ,
ಸೈಲಸ್